ತಂಗಿಯ ಇಂಟರ್‌ವ್ಯೂಗಳು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿದಾಗ "ನೀನು ಬಿ.ಇ. ಮಾಡಿದವನು, ಸಾಫ್ಟ್‌ವೇರ್ ಕೆಲಸ ಹಿಡಿಯುವುದು ಹೇಗೆ ಅಂತ ಹುಡುಗರಿಗೆ ಒಂದು ನಾಲ್ಕು ಮಾತು ಹೇಳಪ್ಪ" ಎಂದರು. ಆಗಲಿ ಎಂದೆ. ಆದರೆ ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಹೇಳಹೊರಟಿರುವುದು ಬೇರೊಂದು ಕೆಲಸದ ಬಗ್ಗೆ. ಆ ಕೆಲಸಕ್ಕೆ ನಮ್ಮಂಥ ಊರುಗಳಿಂದ ಹೋಗುವವರು ಬಹಳ ಕಡಿಮೆ. ಇದೇ ಶಾಲೆಯಲ್ಲಿ ಓದಿದ ನನ್ನ ತಂಗಿ ಹೋದಳು. ಅವಳಿಗೆ ಸಹಾಯ ಮಾಡಲು ಹೋಗಿ ನಾನು ಮಾಡಿದ ತಪ್ಪಿನ ಕಥೆಯೂ ಇದರಲ್ಲಿದೆ. ಅವಳ ಒಪ್ಪಿಗೆ ಪಡೆದೇ ಮಾತಾಡುತ್ತಿದ್ದೇನೆ. "ಹೇಳು ಅಣ್ಣ, ಆದರೆ ಆಸ್ಪತ್ರೆಗಳ ಹೆಸರು ಬೇಡ, ನನ್ನನ್ನ ಹೊಗಳೋದೂ ಬೇಡ" ಎಂದಿದ್ದಾಳೆ.

ಮೊದಲು ನಮ್ಮ ಚಿಕ್ಕಪ್ಪನ ವಿಷಯ. ಊರಿಗೆಲ್ಲ ಗೊತ್ತಿರುವುದೇ. ಹೇಳಬಹುದೇ ಎಂದು ನಿನ್ನೆ ರಾತ್ರಿ ಅವರನ್ನೂ ಕೇಳಿದೆ. "ಹೇಳೋ, ಇನ್ನೊಬ್ಬರಿಗೆ ಉಪಯೋಗ ಆಗಲಿ" ಎಂದರು. ನಾನು ಹೈಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪ ಹೊಲಕ್ಕೆ ಹೋಗುವುದನ್ನು ಬಿಟ್ಟರು. ರಾತ್ರಿಯೆಲ್ಲ ಕೆರೆ ಏರಿಯ ಮೇಲೆ ಓಡಾಡುತ್ತಿದ್ದರು, ಯಾರೋ ಪಕ್ಕದಲ್ಲಿರುವಂತೆ ಮಾತಾಡುತ್ತಿದ್ದರು. ಗಾಳಿ ಸೋಕಿದೆ ಎಂದರು ಕೆಲವರು, ಮಾಟ ಎಂದರು ಇನ್ನು ಕೆಲವರು. ಅಜ್ಜಿ ಅವರನ್ನು ಕರೆದುಕೊಂಡು ಹೋಗದ ದೇವಸ್ಥಾನವಿಲ್ಲ, ಕಟ್ಟಿಸದ ತಾಯಿತವಿಲ್ಲ. ಹೀಗೇ ನಾಲ್ಕು ವರ್ಷ. ಎರಡು ಎಮ್ಮೆ, ಒಂದು ತುಂಡು ಹೊಲ ಹೋಯಿತು. ಕೊನೆಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು, "ಅಜ್ಜಿ, ಇದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ" ಎಂದರು.

ಅಜ್ಜಿಯ ಜೊತೆ ನನ್ನ ತಂಗಿಯೂ ಹೋಗಿದ್ದಳು. ಆಗವಳು ಎಂಟನೇ ಕ್ಲಾಸು. ಅಲ್ಲಿ ತರಬೇತಿಯಲ್ಲಿದ್ದ ಒಬ್ಬ ಹುಡುಗಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, "ಮೊದಲಿನಿಂದ ಹೇಳಿ ಅಜ್ಜಿ, ನಿಧಾನ" ಎಂದಳಂತೆ. ಅಜ್ಜಿ ಒಂದು ಗಂಟೆಗೂ ಮೀರಿ ಮಾತಾಡಿತು. ಆ ಹುಡುಗಿ ಬರೆದುಕೊಳ್ಳುತ್ತಲೇ ಇದ್ದಳು, ಒಂದು ಸಲವೂ ಮಾತು ಕತ್ತರಿಸಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ, "ನಾಲ್ಕು ವರ್ಷದಲ್ಲಿ ನನ್ನ ಮಾತು ಪೂರ್ತಿ ಕೇಳಿದೋಳು ಅವಳೊಬ್ಬಳೇ ಕಣೇ" ಎಂದಿತು. ಚಿಕ್ಕಪ್ಪ ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಅಗೋ ಆ ಹುಣಸೆಮರದ ಕೆಳಗೆ ನಿಂತಿದ್ದಾರೆ. ಮಾತ್ರೆ ಇಂದಿಗೂ ಬಿಟ್ಟಿಲ್ಲ. ತಂಗಿ ಮನಃಶಾಸ್ತ್ರ ಓದುತ್ತೇನೆಂದು ಹಟ ಹಿಡಿದದ್ದು ಆ ಬಸ್ಸಿನ ಪ್ರಯಾಣದಿಂದ.

ಈ ಓದಿನ ದಾರಿಯನ್ನು ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾತ್ರೆ ಬರೆಯುವ ಮನೋವೈದ್ಯರು ಬೇರೆ, ಅವರು ಎಂ.ಬಿ.ಬಿ.ಎಸ್. ಮುಗಿಸಿ ಮೇಲೆ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಚಿಕಿತ್ಸಾ ಮನಃಶಾಸ್ತ್ರಜ್ಞರು. ಅವರು ಮಾತ್ರೆ ಬರೆಯುವುದಿಲ್ಲ. ರೋಗಿಯ ಚರಿತ್ರೆ ತಿಳಿದು, ಬುದ್ಧಿಶಕ್ತಿ, ನೆನಪು, ಮನಸ್ಸಿನ ಸ್ಥಿತಿ ಪರೀಕ್ಷಿಸಿ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇದಕ್ಕೆ ಸೈನ್ಸೇ ಆಗಬೇಕೆಂದಿಲ್ಲ. ನಮ್ಮ ರಾಜ್ಯದ ಪಿಯುಸಿಯಲ್ಲೇ ಮನಃಶಾಸ್ತ್ರ ಒಂದು ವಿಷಯವಾಗಿದೆ. ನನ್ನ ತಂಗಿ ಬಿ.ಎ., ಆಮೇಲೆ ಎಂ.ಎ., ಅದರ ಮೇಲೆ ಎರಡು ವರ್ಷದ ಎಂ.ಫಿಲ್. ಮಾಡಿದಳು. ಕೊನೆಗೆ 1992ರ ಕಾಯ್ದೆಯಡಿ ಇರುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ಕೋರ್ಸುಗಳ ಹೆಸರು, ನಿಯಮ ಈಗ ಬದಲಾಗುತ್ತಿವೆ. ಆದ್ದರಿಂದ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿ. ಯಾರದೋ ಬಾಯಿಮಾತು ನಂಬಬೇಡಿ.

ಈ ವಿದ್ಯೆ ನಮಗೆ ಹೊರಗಿನದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿ ಆಮೇಲೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಎಂ.ಎ. ಓದುವಾಗ ಇಂಟರ್ನ್‌ಶಿಪ್ ಎಂಬುದೊಂದು ಬರುತ್ತದೆ. ಆಸ್ಪತ್ರೆಯಲ್ಲೋ ಸಲಹಾ ಕೇಂದ್ರದಲ್ಲೋ ಕೆಲವು ವಾರ ಇದ್ದು, ಹಿರಿಯರು ಕೆಲಸ ಮಾಡುವುದನ್ನು ನೋಡಿ ಕಲಿಯುವುದು. ಹೆಚ್ಚಿನ ಕಡೆ ಸಂಬಳವಿಲ್ಲ. ಕೆಲವು ಕಡೆ ನಾವೇ ಶುಲ್ಕ ಕಟ್ಟಬೇಕು. ಅಷ್ಟಾದರೂ ಸೀಟು ಕಡಿಮೆ, ಕೇಳುವವರು ಜಾಸ್ತಿ. ಆದ್ದರಿಂದ ಅದಕ್ಕೂ ಇಂಟರ್‌ವ್ಯೂ.

ಆಗ ನಾನು ಚಾಮರಾಜಪೇಟೆಯಲ್ಲಿ ಒಂದು ಹಳೆಯ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ತಂಗಿ ಎಂ.ಎ. ಎರಡನೇ ವರ್ಷಕ್ಕೆ ನನ್ನ ಜೊತೆಗೇ ಬಂದಳು. ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದ ಕಥೆ ನಿಮಗೆ ಗೊತ್ತು. ಅವರೇ ಎಚ್. ನರಸಿಂಹಯ್ಯನವರು. ನಾವು ಮಧುಗಿರಿ ಬಸ್ಸಿನಲ್ಲಿ ಕೂತು ಬಂದವರು, ನಮ್ಮ ಕಾಲು ನೋಯಲಿಲ್ಲ. ನಮಗೆ ಕಷ್ಟವಾದದ್ದು ನಾಲಿಗೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ನಾಲ್ಕು ಜನರ ಮುಂದೆ ಬಾಯಿಗೆ ಬರುತ್ತಿರಲಿಲ್ಲ.

ನಾನು ಅಷ್ಟು ಹೊತ್ತಿಗೆ ಕಂಪನಿಯಲ್ಲಿ ಹತ್ತಾರು ಇಂಟರ್‌ವ್ಯೂ ಕೊಟ್ಟವನು, ಕೆಲವನ್ನು ತೆಗೆದುಕೊಂಡವನು. ಇದರಲ್ಲೇನಿದೆ ಎಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ನಲವತ್ತು ಪ್ರಶ್ನೆ, ಅವಕ್ಕೆ ನಲವತ್ತು ಉತ್ತರ ಟೈಪು ಮಾಡಿದೆ. ನಿಮ್ಮ ಬಲ ಏನು, ದೌರ್ಬಲ್ಯ ಏನು, ಐದು ವರ್ಷದ ನಂತರ ಎಲ್ಲಿರುತ್ತೀರಿ, ಇಂಥವು. ದಿನಾ ರಾತ್ರಿ ಊಟವಾದ ಮೇಲೆ ಅವಳನ್ನು ನಿಲ್ಲಿಸಿ ಒಪ್ಪಿಸಲು ಹೇಳುತ್ತಿದ್ದೆ. ನಮ್ಮ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆವಲ್ಲ, ಹಾಗೆ.

ಮೊದಲ ಇಂಟರ್‌ವ್ಯೂ ಮಲ್ಲೇಶ್ವರದ ಕಡೆ. ಮಾರ್ಕೆಟ್ಟಿನಿಂದ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ಹೋದಳು. "ಈ ಕ್ಷೇತ್ರಕ್ಕೆ ಯಾಕೆ ಬಂದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬರೆದುಕೊಟ್ಟಿದ್ದ ಉತ್ತರ ಒಪ್ಪಿಸಿದಳು. ಜನರಿಗೆ ಸಹಾಯ ಮಾಡುವುದೆಂದರೆ ನನಗೆ ಪ್ರಾಣ, ಎಂಬ ಅರ್ಥದ ನಾಲ್ಕು ವಾಕ್ಯ. ಅವರು ತಕ್ಷಣ, "ಸರಿ, ಇತ್ತೀಚೆಗೆ ಯಾರಿಗೆ ಸಹಾಯ ಮಾಡಿದಿರಿ? ಏನು ಮಾಡಿದಿರಿ?" ಎಂದರು. ಇದು ನನ್ನ ಪಟ್ಟಿಯಲ್ಲಿರಲಿಲ್ಲ. ಅವಳು ಸುಮ್ಮನೆ ಕುಳಿತಳು. ಮೇಜಿನಾಚೆ ಇದ್ದ ಒಬ್ಬರು ನಕ್ಕರಂತೆ. ಆ ನಗು ಅವಳಿಗೆ ಬಹಳ ದಿನ ಚುಚ್ಚಿತು.

ಎರಡನೆಯದು ಬಸವನಗುಡಿಯಲ್ಲಿ. ಅಲ್ಲಿ ಕೇಳಿದ್ದು ಹೀಗೆ: "ನಿಮ್ಮ ಮುಂದೆ ಕೂತ ಹುಡುಗ, ನನಗೆ ಬದುಕುವುದು ಬೇಡ ಎನ್ನಿಸುತ್ತಿದೆ, ಯಾರಿಗೂ ಹೇಳಬೇಡಿ ಅಂತಾನೆ. ಏನು ಮಾಡುತ್ತೀರಿ?" ತಂಗಿ, "ಯಾರಿಗೂ ಹೇಳುವುದಿಲ್ಲ ಎಂದು ಧೈರ್ಯ ತುಂಬಿ, ಸಲಹೆ ಕೊಡುತ್ತೇನೆ" ಎಂದಳು. ರೋಗಿಯ ಗುಟ್ಟು ಕಾಪಾಡಬೇಕು ಎಂದು ಪುಸ್ತಕದಲ್ಲಿ ಓದಿದ್ದಳು. ಗುಟ್ಟು ಕಾಪಾಡುವುದು ನಿಜ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಅದು ರೋಗಿಯ ಹಕ್ಕು. ಆದರೆ ಜೀವದ ಪ್ರಶ್ನೆ ಬಂದಾಗ ಹಾಗೆ ಮಾತು ಕೊಡುವಂತಿಲ್ಲ. ಆ ಹುಡುಗನನ್ನು ಒಬ್ಬನೇ ಬಿಡಬಾರದು, ಕೂಡಲೇ ಮೇಲಿನವರಿಗೆ ತಿಳಿಸಬೇಕು. ಕಲಿಯಲು ಬಂದವರು ತಾವೇ ಎಲ್ಲ ನಿಭಾಯಿಸಲು ಹೋಗುತ್ತಾರೋ, ಹಿರಿಯರನ್ನು ಕರೆಯುತ್ತಾರೋ ಎಂದು ನೋಡಲು ಕೇಳುವ ಪ್ರಶ್ನೆ ಅದು. ಅಲ್ಲೂ ಆಗಲಿಲ್ಲ.

ಆ ಸಂಜೆ ನಾನು ಆಫೀಸಿನಿಂದ ನೇರ ಬಸವನಗುಡಿಗೆ ಹೋದೆ. ಬ್ಯೂಗಲ್ ರಾಕ್ ಬಂಡೆಯ ಮೇಲೆ ಕೂತೆವು. ಕಾರ್ತಿಕ ಮಾಸ. ಕಡಲೆಕಾಯಿ ಪರಿಷೆಗೆ ಇನ್ನೂ ದಿನವಿದ್ದರೂ ರಸ್ತೆ ಬದಿಯಲ್ಲಿ ಆಗಲೇ ರಾಶಿ ಹಾಕಿದ್ದರು. ಒಂದು ಸೇರು ಕೊಂಡೆ. ನಮ್ಮ ಸೀಮೆಯ ಕಾಯಿಯೇ ಇರಬೇಕು ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. "ಅಣ್ಣಾ, ನಾನು ಊರಿಗೆ ಹೋಗಿ ಬಿ.ಎಡ್. ಮಾಡ್ತೀನಿ" ಎಂದಳು. ನಾನು ಧೈರ್ಯ ಹೇಳಲು ಬಾಯಿ ತೆರೆದೆ. "ನೀನು ಸ್ವಲ್ಪ ಹೊತ್ತು ಏನೂ ಹೇಳಬೇಡ" ಎಂದಳು. ಸುಮ್ಮನಾದೆ. ಕಾಲು ಗಂಟೆ ಅತ್ತಳು. ಆಮೇಲೆ ತಾನೇ ಕಣ್ಣೊರೆಸಿಕೊಂಡು, "ನೀನು ಉತ್ತರ ಕಲಿಸಿದೆ. ಅವರು ನನಗೆ ಕೇಳಿಸಿಕೊಳ್ಳೋಕೆ ಬರುತ್ತಾ ಅಂತ ನೋಡ್ತಿದ್ದರು" ಎಂದಳು.

ನಾನು ತಲೆ ತಗ್ಗಿಸಿದೆ. ಅವಳ ಬಳಿ ಒಂದು ಗಂಟೆ ಹೇಳುವಷ್ಟು ನಿಜವಾದ ಕಾರಣವಿತ್ತು: ಅಜ್ಜಿ, ಚಿಕ್ಕಪ್ಪ, ಆ ಬಸ್ಸು. ಅದನ್ನು ಹೇಳಬೇಡ ಎಂದವನೂ ನಾನೇ. "ಮನೆಯ ಕಾಯಿಲೆ ವಿಷಯ ಅಲ್ಲಿ ಎತ್ತಬೇಡ, ಹಳ್ಳಿಯವರು ಅಂತ ಕಡೆಗಣಿಸ್ತಾರೆ" ಎಂದಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ ಇದ್ದದ್ದು ನನಗೆ. ಕಂಪನಿಯಲ್ಲಿ ನಾನು ಯಾರಿಗೂ ಚಿಕ್ಕಪ್ಪನ ವಿಷಯ ಹೇಳಿರಲಿಲ್ಲ. ಯಾರಾದರೂ ಕೇಳಿದರೆ ಊರಲ್ಲಿ ವ್ಯವಸಾಯ ಎಂದಷ್ಟೇ ಹೇಳುತ್ತಿದ್ದೆ.

ಆಮೇಲೆ ಅವಳು ನನ್ನನ್ನು ಬಿಟ್ಟು ಅವಳ ಕಾಲೇಜಿನ ಮೇಡಮ್ಮನವರ ಹತ್ತಿರ ಹೋದಳು. ಅವರು ಹೇಳಿಕೊಟ್ಟದ್ದು ಎರಡೇ. ಒಂದು, ದಿನಕ್ಕೆ ಇಪ್ಪತ್ತು ನಿಮಿಷ ಯಾರ ಮಾತನ್ನಾದರೂ ಬುದ್ಧಿ ಹೇಳದೆ ಕೇಳು, ಆಮೇಲೆ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆ. ಎರಡು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ಕೆಳಗಿನ ಮನೆಯಲ್ಲಿ ಓನರ್ ಅಜ್ಜಿಯೊಬ್ಬರಿದ್ದರು. ಮಗ ಅಮೆರಿಕಾದಲ್ಲಿ, ಮನೆಯಲ್ಲಿ ಒಬ್ಬರೇ. ತಂಗಿ ದಿನಾ ಸಂಜೆ ಅವರ ಜಗಲಿಯಲ್ಲಿ ಕೂರತೊಡಗಿದಳು. ಮೊದಮೊದಲು ಐದು ನಿಮಿಷಕ್ಕೇ "ಹಾಗಲ್ಲ ಅಜ್ಜಿ, ಹೀಗೆ ಮಾಡಿ" ಎಂದುಬಿಡುತ್ತಿದ್ದಳಂತೆ. ಸುಮ್ಮನೆ ಕೇಳುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ನೀವೂ ಇವತ್ತು ಮನೆಯಲ್ಲಿ ಮಾಡಿ ನೋಡಿ.

ಮೂರನೆಯ ಇಂಟರ್‌ವ್ಯೂ ಮತ್ತೆ ಬಸವನಗುಡಿಯಲ್ಲೇ, ಹಳೆಯ ಮನೆಯೊಂದರಲ್ಲಿ ನಡೆಯುತ್ತಿದ್ದ ಕೇಂದ್ರ. ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ, ಬೇಕಾಗಿದ್ದದ್ದು ಇಬ್ಬರು. ಈ ಸಲ ನಾನು ಏನೂ ಬರೆದುಕೊಟ್ಟಿರಲಿಲ್ಲ. ಅವಳ ಕೈಯಲ್ಲಿ ಅಂಕಪಟ್ಟಿ, ಕಾಲೇಜಿನ ಪತ್ರ, ಒಂದು ಪುಟದ ಪರಿಚಯ, ಅಷ್ಟೇ.

ಯಾಕೆ ಬಂದಿರಿ ಎಂದು ಅಲ್ಲೂ ಕೇಳಿದರು. ಅವಳು ಇಂಗ್ಲಿಷಿನಲ್ಲಿ ಶುರು ಮಾಡಿ, "ಇದನ್ನು ಕನ್ನಡದಲ್ಲಿ ಹೇಳಬಹುದೇ?" ಎಂದು ಕೇಳಿ, ಚಿಕ್ಕಪ್ಪನ ವಿಷಯ ಹೇಳಿದಳು. ಎರಡೇ ನಿಮಿಷ. ಆಮೇಲೆ ಅವರು, "ನಿಮ್ಮೂರಲ್ಲಿ ಮನಸ್ಸಿಗೆ ಕಷ್ಟ ಆದರೆ ಜನ ಏನಂತ ಹೇಳ್ತಾರೆ?" ಎಂದರು. ಇವಳಿಗೆ ಅದು ಪಾಠ ಮಾಡದೆ ಬರುವ ವಿಷಯ. ಮನಸ್ಸು ಎಂಬ ಪದವನ್ನೇ ಬಳಸುವುದಿಲ್ಲ ಸರ್ ಎಂದಳು. ಎದೆ ಢವಢವ ಅಂತೈತೆ, ತಲೆ ಗಿಮ್ ಅಂತೈತೆ, ಅನ್ನ ಸೇರಾಕಿಲ್ಲ, ನಿದ್ದೆ ಹತ್ತಾಕಿಲ್ಲ, ಮೈಯೆಲ್ಲ ಉರಿ, ಯಾಕೋ ಜೀವ ಬ್ಯಾಡ ಅನ್ನಿಸ್ತೈತೆ. ಹೀಗೆ ಮೈಯ ನೋವಾಗಿಯೇ ಹೇಳುತ್ತಾರೆ, ಅದಕ್ಕೇ ಮೊದಲು ಎದೆ ಡಾಕ್ಟರ ಹತ್ತಿರ, ಹೊಟ್ಟೆ ಡಾಕ್ಟರ ಹತ್ತಿರ ಹೋಗುತ್ತಾರೆ ಎಂದಳು.

"ಗಾಳಿ ಸೋಕಿದೆ ಅಂತ ದೇವಸ್ಥಾನಕ್ಕೆ ಹೋಗುವವರಿಗೆ ಏನು ಹೇಳುತ್ತೀರಿ?" ಎಂಬುದು ಮುಂದಿನ ಪ್ರಶ್ನೆ. "ಹೋಗಬೇಡಿ ಅನ್ನಲ್ಲ. ಹಾಗಂದರೆ ನನ್ನ ಹತ್ತಿರವೇ ಬರುವುದನ್ನು ಬಿಡುತ್ತಾರೆ. ಹೊಡೆತ, ಸರಪಳಿ ಇದ್ದರೆ ಖಂಡಿತ ಬೇಡ ಅಂತೀನಿ. ಪೂಜೆಗೆ ಹೋಗಿ, ಮಾತ್ರೆ ಮಾತ್ರ ತಪ್ಪಿಸಬೇಡಿ ಅಂತೀನಿ. ನಮ್ಮಜ್ಜಿ ಹಾಗೇ ಮಾಡಿದರು" ಎಂದಳು.

ಓದು ಬರಹ ಬಾರದ ಮಗುವಿನ ಬುದ್ಧಿಶಕ್ತಿ ಅಳೆಯುವುದು ಹೇಗೆ ಎಂದು ಕೇಳಿದರು. ಅದು ಓದಿದ್ದಳು. ಬಣ್ಣದ ಕಟ್ಟಿಗೆ ತುಂಡುಗಳನ್ನು ಜೋಡಿಸುವ, ಚಿತ್ರ ಕೂಡಿಸುವ ಭಾಟಿಯಾ ಪರೀಕ್ಷೆಯ ಬಗ್ಗೆ ಹೇಳಿದಳು. ಬಿನೆಯ ಪರೀಕ್ಷೆಯನ್ನು ಕಾಮತ್ ಎಂಬುವರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದನ್ನೂ ಹೇಳಿದಳು. ಆಮೇಲೆ ಮೆದುಳಿಗೆ ಪೆಟ್ಟಾದವರ ಪರೀಕ್ಷೆಯ ಬಗ್ಗೆ ಏನೋ ಕೇಳಿದರು. "ಗೊತ್ತಿಲ್ಲ ಸರ್. ಇವತ್ತು ಓದುತ್ತೇನೆ" ಎಂದಳು. ಎರಡು ದಿನದ ನಂತರ ಬನ್ನಿ ಎಂದು ಫೋನ್ ಬಂತು. ಯಾಕೆ ಆರಿಸಿದೆವೆಂದು ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಇದನ್ನು ಗೆದ್ದ ಕಥೆ ಎಂದುಕೊಳ್ಳಬೇಡಿ. ಎಂಟು ವಾರ, ಸಂಬಳವಿಲ್ಲ. ಮೊದಲೆರಡು ವಾರ ಮೂಲೆಯಲ್ಲಿ ಕೂತು ನೋಡಿದ್ದು, ಫೈಲು ಜೋಡಿಸಿದ್ದು. ಮರುವರ್ಷ ಎಂ.ಫಿಲ್. ಪ್ರವೇಶ ಪರೀಕ್ಷೆ ಪಾಸಾಗಿ ಇಂಟರ್‌ವ್ಯೂನಲ್ಲಿ ಹೋಯಿತು. ಅದರ ಮರುವರ್ಷ ಸಿಕ್ಕಿತು. ನಡುವಿನ ಒಂದು ವರ್ಷ ಮಕ್ಕಳಿಗೆ ಮನೆಪಾಠ ಹೇಳಿ ಬಸ್ ಪಾಸಿನ ಖರ್ಚು ತಾನೇ ನೋಡಿಕೊಂಡಳು. ಈಗ ಒಂದು ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿದ್ದಾಳೆ, ವಾರದಲ್ಲಿ ಹಲವು ದಿನ ತಾಲ್ಲೂಕುಗಳನ್ನು ಸುತ್ತುತ್ತಾಳೆ. ಅಲ್ಲಿಗೆ ಬರುವವರ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಅಮ್ಮ ಎಷ್ಟು ಕೆಣಕಿದರೂ ಇಲ್ಲ!

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಈ ದಾರಿಗೆ ಹೋದರೆ ನನ್ನ ಹಾಗೆ ನಲವತ್ತು ಉತ್ತರ ಬಾಯಿಪಾಠ ಮಾಡಬೇಡಿ. ಪಾಠ ಚೆನ್ನಾಗಿ ಓದಿ, ಅದಕ್ಕೆ ಬದಲಿಯಿಲ್ಲ. ನಿಮ್ಮ ಕಾರಣ ಏನೋ ಅದನ್ನೇ ಹೇಳಿ, ಎಷ್ಟು ಹೇಳಬೇಕೆನ್ನಿಸುತ್ತದೋ ಅಷ್ಟು ಮಾತ್ರ ಹೇಳಿ. ಮನೆಯವರ ವಿಷಯವಾದರೆ ಅವರನ್ನು ಕೇಳಿ ಹೇಳಿ. ನಿಮ್ಮ ಮಿತಿ ಎಲ್ಲಿ ಮುಗಿಯುತ್ತದೆ, ಹಿರಿಯರನ್ನು ಯಾವಾಗ ಕರೆಯಬೇಕು ಎಂಬುದನ್ನು ತಿಳಿದುಕೊಂಡು ಹೋಗಿ. ದುಡ್ಡು ಕಟ್ಟಿದರೆ ಮನೆಯಲ್ಲೇ ಕೂತು ಸರ್ಟಿಫಿಕೇಟ್ ಎನ್ನುವವರ ಹತ್ತಿರ ಹೋಗಬೇಡಿ. ನಿಮಗೆ ಯಾರು ಕಲಿಸುತ್ತಾರೆ, ಅವರು ನೋಂದಾಯಿತರೇ ಎಂದು ನೀವೂ ಕೇಳಬಹುದು, ಅದು ತಪ್ಪಲ್ಲ. ಇಂಗ್ಲಿಷ್ ಕಲಿಯಿರಿ, ಅದು ಬೇಕು. ಆದರೆ ಈ ಊರಿನ ಮಾತು ನಿಮ್ಮ ಕೊರತೆ ಎಂದು ಯಾರಾದರೂ ಅಂದರೆ ನಂಬಬೇಡಿ. ನಾಳೆ ನಿಮ್ಮ ಮುಂದೆ ಬಂದು ಕೂರುವ ಅಜ್ಜಿ ಆಡುವುದು ಈ ಮಾತನ್ನೇ.

ಊರಿನ ಹಿರಿಯರಲ್ಲಿ ಒಂದು ಮಾತು. ನಮ್ಮ ಮನೆಯಲ್ಲಿ ನಾಲ್ಕು ವರ್ಷ ಕಳೆದುಹೋಯಿತು. ನಿಮ್ಮ ಮನೆಯಲ್ಲಿ ನಾಲ್ಕು ತಿಂಗಳೂ ಕಳೆಯಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಚಿಕಿತ್ಸೆ ಇಟ್ಟಿದ್ದಾರೆ. 14416 ಎಂಬುದು ಸರ್ಕಾರದ ಟೆಲಿ ಮಾನಸ್ ನಂಬರು. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದನ್ನು ಈ ಶಾಲೆಯ ಗೋಡೆಯ ಮೇಲೆ, ನೀರಿನ ನಲ್ಲಿಯ ಹತ್ತಿರ, ದೊಡ್ಡದಾಗಿ ಬರೆಸಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ. ಬಣ್ಣದ ಖರ್ಚು ನನ್ನದು.

ಕೊನೆಯದಾಗಿ, ನಾನೀಗ ಬಸವನಗುಡಿಯಲ್ಲಿದ್ದೇನೆ. ಯಾವುದೇ ಕೋರ್ಸಿನ, ಯಾವುದೇ ಕೆಲಸದ ಇಂಟರ್‌ವ್ಯೂ ಇದ್ದರೂ ಸರಿ, ಬೆಳಗಿನ ಜಾವದ ಬಸ್ಸು ಹಿಡಿದು, ನಿದ್ದೆಗೆಟ್ಟು, ಮೆಜೆಸ್ಟಿಕ್ಕಿನಿಂದ ಓಡಿ ಬರಬೇಡಿ. ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬನ್ನಿ. ಒಂದು ಕೋಣೆ ಇದೆ, ಊಟ ಇದೆ. ನನ್ನ ನಂಬರು ಮುಖ್ಯೋಪಾಧ್ಯಾಯರ ಹತ್ತಿರ ಕೊಟ್ಟಿದ್ದೇನೆ. ಪ್ರಶ್ನೋತ್ತರ ಬರೆದುಕೊಡುವುದಿಲ್ಲ ಎಂದು ಮಾತ್ರ ತಂಗಿಗೆ ಮಾತು ಕೊಟ್ಟಿದ್ದೇನೆ.

ಇಷ್ಟು ಹೊತ್ತು ಮಾತು ಕತ್ತರಿಸದೆ ಕೇಳಿದಿರಿ.